ಅವ್ವನ ಪಚ್ಚೆಯುಂಗುರ

ರೇಷ್ಮೆಗೆ ಒಳ್ಳೆಯ ಕಾಲವಿದ್ದಾಗ ನಮ್ಮ ಅಕ್ಕೂರಿನ ಕಡೆಯ ಮನೆಗಳಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಹೆಚ್ಚು ಜಾಗವಿತ್ತು. ನಮ್ಮ ನಡುಮನೆ ಅವುಗಳ ಪಾಲಾಗಿತ್ತು. ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಕಳಚಲು ಮೇವು ಬಿಟ್ಟು ಸುಮ್ಮನಾದರೆ, ಅಪ್ಪ ಪಿಸುಮಾತಿನಲ್ಲಿ ಮಾತಾಡುತ್ತಿದ್ದ. ಅವ್ವ ಕೆಮ್ಮಿದರೆ ಮಾತ್ರ ‘ನೀರು ಕುಡಿ’ ಎನ್ನುತ್ತಿದ್ದ, ಅಷ್ಟೆ.

ಅವ್ವನಿಗೆ ಉಬ್ಬಸ. ಹಿಪ್ಪುನೇರಳೆ ಸೊಪ್ಪು ಹಾಕಿ, ಹಿಕ್ಕೆ ಬಳಿದು ಹೊರಬಂದವಳು ಜಗಲಿಯ ಕಂಬ ಹಿಡಿದು ಉಸಿರು ಎಳೆಯುತ್ತಿದ್ದಳು. ಅವಳು ಉಳಿಯುವುದಿಲ್ಲವೆಂದೇ ನಾನು ಹೆದರಿದ್ದೆ. ಮಾತ್ರೆ, ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಚನ್ನಪಟ್ಟಣದ ಅಕ್ಕಸಾಲಿಯೊಬ್ಬರ ಅಂಗಡಿಗೆ ಕರೆದೊಯ್ದ.

ಆ ಆಚಾರ್ರು ಹರಳು ತೋರಿಸುವ ಮೊದಲು ಪುರಾಣ ಹೇಳುವವರು. ಬಲಾಸುರ ದೇವತೆಗಳ ಯಜ್ಞಕ್ಕೆ ತನ್ನ ಮೈಯನ್ನೇ ಒಪ್ಪಿಸಿದನಂತೆ. ಅವನ ರಕ್ತ ಮಾಣಿಕ್ಯವಾಯಿತು, ಹಲ್ಲು ಮುತ್ತಾದವು. ಪಿತ್ತವನ್ನು ವಾಸುಕಿ ಹೊತ್ತೊಯ್ಯುವಾಗ ಗರುಡ ಅಡ್ಡಗಟ್ಟಿದ. ಹಾವು ಹೆದರಿ ಬೀಳಿಸಿದ್ದೇ ಪಚ್ಚೆ. ಹಾವಿನ ಬಾಯಿಂದ ಬಿದ್ದ ಕಲ್ಲು ಎದೆಯ ವಿಷ ಎಳೆಯದೆ ಇರುತ್ತದೆಯೇ? ಅಪ್ಪ ತಲೆದೂಗಿದ.

‘ಒಂದೇ ಮಾತು. ಉಂಗುರ ಬೆರಳು ಬುಟ್ಟು ಇಳೀಬಾರ್ದು. ಇಳಿದ್ರೆ ಕಲ್ಲಿನ ಶಕ್ತಿ ಹೋಯ್ತದೆ’ ಎಂದರು ಆಚಾರ್ರು, ಪಚ್ಚೆ ಕೂರಿಸಿದ ಉಂಗುರವನ್ನು ಅವ್ವನ ಕೈಗಿಡುತ್ತಾ.

ನಮ್ಮಲ್ಲಿ ಉಂಗುರದ ಕೈ ಹುಳುವಿನ ಮನೆಗೆ ಹೋಗುವಂತಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಮಾಗಿದ ಹುಳುವಿನ ಚರ್ಮ ತೆಳು. ಉಂಗುರ ತಾಗಿ ಗಾಯವಾದರೆ ಅದು ಕೊಳೆತು ಪಕ್ಕದ ಗೂಡುಗಳನ್ನೂ ಕೆಡಿಸುತ್ತದೆ. ಹೀಗಾಗಿ ಅವ್ವ ಹೊರಗುಳಿದಳು. ಸೊಪ್ಪು ಕುಯ್ಯುವುದು, ಅಡುಗೆ ಅವಳದು. ಒಳಗಿನ ದುಡಿಮೆ ಅಪ್ಪನದು, ನನ್ನದು. ಕೆಲವು ಬೆಳೆ ಕಳೆಯುವಷ್ಟರಲ್ಲಿ ಅವಳು ಸೊಪ್ಪಿನ ಹೊರೆ ಹೊತ್ತು ಮಾತಾಡುತ್ತಲೇ ನಡೆಯುವಂತಾದಳು. ಅಪ್ಪ ಕಂಡಕಂಡವರಿಗೆಲ್ಲ ಅವಳ ಬೆರಳು ತೋರಿಸುತ್ತಿದ್ದ, ಪಚ್ಚೆಯನ್ನು ಅವನೇ ಹಡೆದವನಂತೆ.

ತೋರಿಸಿ ಸಾಕಾದ ಮೇಲೆ ಅವನಿಗೊಂದು ಬುದ್ಧಿ ಹೊಳೆಯಿತು.

‘ವಾಸಿ ಆಯ್ತಲ್ಲ, ಉಂಗುರಾನ ದೇವ್ರ ಮುಂದೆ ಇಟ್ಬುಟ್ಟು ಒಳಿಕ್ಕೆ ಬಾ. ಹುಳ ಹಣ್ಣಾಯ್ತಾವೆ, ಕೈ ಸಾಲ್ತಿಲ್ಲ.’

ಅವ್ವ ಉಂಗುರ ತೆಗೆದಿಟ್ಟು ಒಳಹೋದಳು. ಹುಳುಗಳನ್ನೆಲ್ಲ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದರೊಳಗೆ ಮತ್ತೆ ಕಂಬ ಹಿಡಿದು ನಿಂತಿದ್ದಳು.

ಮತ್ತೆ ಅದೇ ಅಂಗಡಿ. ‘ಇವಳು ಉಂಗುರ ತೆಗೆದ್ಬುಟ್ಳು, ಅದಕ್ಕೇ ಹಿಂಗಾಯ್ತು’ ಎಂದು ಅಪ್ಪ ದೂರಿದ, ತೆಗೆಸಿದವರು ಬೇರೆ ಯಾರೋ ಎಂಬಂತೆ. ನನಗೆ ಕೆಟ್ಟ ಸಿಟ್ಟು ಬಂತು. ಕಾಯಿಲೆ ಇರುವುದು ಹುಳುವಿನ ಮನೆಯಲ್ಲಿ, ಕಲ್ಲಿಗೂ ಅದಕ್ಕೂ ಏನು ಸಂಬಂಧ ಎನ್ನಲು ಬಾಯಿ ತೆರೆದೆ. ಅವ್ವ ಸೆರಗಿನ ಮರೆಯಲ್ಲಿ ನನ್ನ ತೋಳು ಚಿವುಟಿದಳು. ಆಮೇಲೆ ಏದುಸಿರಿನಲ್ಲೇ ಉಂಗುರ ಹಿಡಿದ ಕೈ ಮುಂದೆ ಚಾಚಿದಳು.

‘ಆಚಾರ್ರೇ, ಇದನ್ನ ಒಸಿ ಬಿಗಿ ಮಾಡ್ಕೊಡಿ. ಗೆಣ್ಣು ದಾಟುದ್ ಮ್ಯಾಲೆ ಯಾರು ಎಳುದ್ರೂ ಈಚೆಗೆ ಬರಬಾರ್ದು.’