ಕೈ ಚಾಚಿ ಬಿದ್ದವನ ಬಗ್ಗೆ ನಡೆದ ವಾದ

ಅತ್ತಿಗೆ ತೀರಿಕೊಂಡು ಏಳು ತಿಂಗಳಾಗಿತ್ತು. ಅಷ್ಟೂ ದಿನ ಅಣ್ಣನ ಮಗಳು ಅತ್ತಿರಲಿಲ್ಲ. ಹದಿನೈದರ ಹುಡುಗಿ, ಬೆಳಿಗ್ಗೆ ಎದ್ದು ಅಪ್ಪನ ಡಬ್ಬಿ ಕಟ್ಟುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಯಾರಾದರೂ ಸಮಾಧಾನ ಹೇಳಲು ಬಂದರೆ ಅವರಿಗೇ ಚಹಾ ಮಾಡಿಕೊಡುತ್ತಿದ್ದಳು. ಅಣ್ಣ ಮುಂಬೈ ಬದಿಯ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ದಿವಾದ ಒಂದೇ ಚಾಳಿನಲ್ಲಿ, ನನ್ನ ಕೋಣೆಯಿಂದ ಎರಡು ಬಾಗಿಲಾಚೆ ಅವರಿದ್ದರು.

ನಮ್ಮದು ಸಣ್ಣ ಸಭೆ. ಬೀದರ್, ಕಲಬುರಗಿ ಕಡೆಯಿಂದ ಬಂದ ಹನ್ನೆರಡು ಕ್ರೈಸ್ತ ಮನೆಯವರು ಭಾನುವಾರ ಕಳವಾ ಸ್ಟೇಷನ್ನಿನ ಹತ್ತಿರ ಒಂದು ಟ್ಯೂಷನ್ ಕ್ಲಾಸಿನ ಕೋಣೆಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದೆವು. ಪಾಸ್ಟರ್ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ವಾರಗಳಲ್ಲಿ ಸಭೆ ನಡೆಸುತ್ತಿದ್ದವರು ಒಬ್ಬ ಹಿರಿಯರು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವವರನ್ನು ಎದ್ದು ನಿಲ್ಲಿಸುವ ಕೆಲಸ ನನ್ನದು. ಅವರ ನಂತರ ನಾನೇ ಎಂದು ಜನ ಅನ್ನುತ್ತಿದ್ದರು. ಆ ಮಾತು ನನಗೆ ರುಚಿಸುತ್ತಿತ್ತು, ಸುಳ್ಳು ಹೇಳಲಾರೆ.

ಒಂದು ಶನಿವಾರ ಹುಡುಗಿಯನ್ನು ಡೊಂಬಿವಲಿಯ ಥಿಯೇಟರಿಗೆ ನಾನೇ ಕರೆದುಕೊಂಡು ಹೋದೆ. ಸೂಪರ್‌ಹೀರೊ ಸಿನಿಮಾ. ಊರನ್ನು ಉಳಿಸಲು ಹೋದ ಹೀರೊ ಎರಡೂ ಕೈ ಚಾಚಿ ಆಕಾಶದಿಂದ ಬೀಳುತ್ತಾನೆ, ಸಾಯುತ್ತಾನೆ. ಗೆಳೆಯರು ಹೂಳುತ್ತಾರೆ. ಕೊನೆಗೆ ಮಣ್ಣು ಸರಿಸಿ ಎದ್ದು ಬರುತ್ತಾನೆ. ಜನ ಸೀಟಿ ಹೊಡೆಯುತ್ತಿದ್ದರು. ಪಕ್ಕದಲ್ಲಿ ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಳುತ್ತಿದ್ದಳು. ಸಿನಿಮಾ ಮುಗಿದ ಮೇಲೂ ಅಳು ನಿಲ್ಲಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ಲಿಗೆ ಕಾಯುವಾಗ ಕೇಳಿದಳು: “ಕಾಕಾ, ಮಮ್ಮಿ ಭೀ ಐಸೇ ಉಠೇಗಿ ಕ್ಯಾ?”

ಮಮ್ಮಿಯೂ ಹೀಗೆ ಏಳುತ್ತಾಳೇನು? ಅವಳು ಇಲ್ಲೇ ಹುಟ್ಟಿದವಳು, ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಆಗಲೇ ಅವಳನ್ನು ಹತ್ತಿರ ಎಳೆದುಕೊಂಡು ಏನಾದರೊಂದು ಹೇಳಬೇಕಿತ್ತು. ನಾನು, “ನಾಳೆ ಸಭೆದಾಗ ಕೇಳು ಮಗಾ, ಹಿರಿಯರು ಚಲೋ ಹೇಳ್ತಾರ” ಅಂದೆ.

ಮರುದಿನ ಅವಳನ್ನು ಎದ್ದು ನಿಲ್ಲಿಸಿದೆ. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಸಿನಿಮಾದ ಕತೆ ಹೇಳಿದಳು. ಅವನು ಕೈ ಚಾಚಿ ಬಿದ್ದಾಗ ತನಗೆ ಶಿಲುಬೆ ನೆನಪಾಯಿತು ಅಂದಳು. ಮಮ್ಮಿಯ ಮಾತಿಗೆ ಬರುವಷ್ಟರಲ್ಲಿ ಹಿರಿಯರು ಕೈ ಎತ್ತಿದರು.

“ಇದ ನೋಡ್ರಿ ಸೈತಾನನ ಆಟ. ದೇವರ ಹೆಸರಿಲ್ಲ, ಪ್ರಾರ್ಥನಾ ಇಲ್ಲ, ತನ್ನ ಬಲದಿಂದ ಎದ್ದು ಬರ್ತಾನಂತ. ಸುಳ್ಳು ಕ್ರಿಸ್ತ ಅಂದ್ರ ಇಂವನೇ. ಮಕ್ಕಳ ತಲ್ಯಾಗ ಹ್ಯಾಂಗ ತುಂಬ್ಯಾರ ನೋಡ್ರಿ.”

ನವಿ ಮುಂಬೈಯಿಂದ ಬರುತ್ತಿದ್ದ ಒಬ್ಬ ಇಂಜಿನಿಯರ್ ಒಪ್ಪಲಿಲ್ಲ. “ಇಲ್ರೀ, ಅದು ಗುಟ್ಟಾಗಿ ಹೇಳಿದ ಸುವಾರ್ತೆ. ಸಿನಿಮಾ ತೆಗೆದವರಲ್ಲಿ ವಿಶ್ವಾಸಿಗಳು ಇದ್ದೇ ಇರ್ತಾರೆ. ಚಾಚಿದ ಕೈ, ಸಮಾಧಿ, ಮೂರು ಜನ ಗೆಳೆಯರು, ಎಲ್ಲಾ ಲೆಕ್ಕ ಹಾಕಿ ಇಟ್ಟಿದ್ದು.”

ಮಾತಿಗೆ ಮಾತು ಬೆಳೆಯಿತು. ಆ ಹೀರೊನ ಅಂಗಿಯ ಕೆಂಪು ಬಣ್ಣ ರಕ್ತವೋ ನರಕದ ಬೆಂಕಿಯೋ ಎಂಬುದರ ಮೇಲೇ ಅರ್ಧ ಗಂಟೆ ಹೋಯಿತು. ಹುಡುಗಿ ನಿಂತೇ ಇದ್ದಳು. ಕೂತುಕೋ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಹಿರಿಯರು ನನ್ನತ್ತ ತಿರುಗಿದರು.

“ನೀವೇನಂತೀರಿ?”

ಅವಳ ಪ್ರಶ್ನೆ ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. “ತಾವು ಅಂದದ್ದೇ ಖರೆ” ಅಂದೆ. ಅವಳನ್ನು ಕರೆದುಕೊಂಡು ಹೋದವನು ನಾನು ಎಂಬುದನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ಅವಳು ನನ್ನನ್ನೊಮ್ಮೆ ನೋಡಿ ಕೂತಳು.

ಮುಂದಿನ ವಾರ ಜನ ಮೊಬೈಲಿನಲ್ಲಿ ಸಿನಿಮಾದ ಚಿತ್ರಗಳನ್ನು ಹಿಡಿದುಕೊಂಡೇ ಬಂದರು. ಅದರ ಮುಂದಿನ ವಾರ ಹಿರಿಯರು ಹುಡುಗಿಯನ್ನು ಎಲ್ಲರ ಮುಂದೆ ಮೊಣಕಾಲೂರಿಸಿ, ತಲೆಯ ಮೇಲೆ ಕೈಯಿಟ್ಟು, ಮೋಸದ ಆತ್ಮ ಬಿಟ್ಟುಹೋಗಲಿ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಆಮೆನ್ ಅಂದವರಲ್ಲಿ ನಾನೂ ಇದ್ದೆ. ಅಣ್ಣ ಎದ್ದು ಬಂದು ಮಗಳ ತೋಳು ಹಿಡಿದು ಎಬ್ಬಿಸಿದ. “ನನ್ನ ಮಗಳಿಗೆ ದೆವ್ವ ಬಡಿದಿಲ್ಲ, ಅವಳ ಅವ್ವ ಸತ್ತಾಳ” ಅಂದ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಇಂಜಿನಿಯರ್ ಐದು ಮನೆಯವರನ್ನು ಕರೆದುಕೊಂಡು ಕಲ್ಯಾಣದಲ್ಲಿ ಬೇರೆ ಸಭೆ ಮಾಡಿದ. ನಮ್ಮದು ಒಂದು ವರ್ಷವೂ ನಡೆಯಲಿಲ್ಲ. ಹಿರಿಯರು ಊರಿಗೆ ಹೋದವರು ತಿರುಗಿ ಬರಲಿಲ್ಲ.

ಅಣ್ಣ ಮನೆ ಬದಲಿಸಿ ಕಳಂಬೋಲಿಗೇ ಹೋದ. ಹುಡುಗಿಗೆ ಈಗ ಹತ್ತೊಂಬತ್ತು. ಕಳೆದ ತಿಂಗಳು ಠಾಣೆಯ ರೈಲ್ವೆ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಿದಳು, ಕೊರಳಲ್ಲಿ ಆಫೀಸಿನ ಕಾರ್ಡು. ಜನರ ನೂಕಾಟದ ನಡುವೆಯೇ ಕೇಳಿದೆ: “ನಂದು ತಪ್ಪಾತು ಮಗಾ. ಕ್ಷಮಾ ಮಾಡ್ತಿ?”

“ರಹನೇ ದೋ ಕಾಕಾ” ಅಂದಳು, ಬಿಟ್ಟುಬಿಡು ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರಾರ್ಥನೆ ಮಾಡುತ್ತೀಯಾ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮಮ್ಮಿಯ ಸಮಾಧಿಗೂ ಹೋಗುವುದಿಲ್ಲವಂತೆ. “ಅಲ್ಲಿ ಯಾರೂ ಇಲ್ಲ” ಎಂದು ಕನ್ನಡದಲ್ಲೇ ಹೇಳಿದಳು, ಸ್ಪಷ್ಟವಾಗಿ. ಪನ್ವೇಲ್ ಗಾಡಿ ಬಂತು, ಇಳಿದು ಓಡಿದಳು.

ಅವಳ ಹಾಗೆ ಇಲ್ಲ ಅಂದುಬಿಡುವ ಧೈರ್ಯವೂ ನನಗಿಲ್ಲ. ಭಾನುವಾರ ಚಾಳಿನ ನನ್ನ ಕೋಣೆಯಲ್ಲಿ ಒಬ್ಬನೇ ಕೂತು ಕಣ್ಣು ಮುಚ್ಚುತ್ತೇನೆ. ಬಾಯಿಗೆ ಹಳೆಯ ಮಾತುಗಳು ಬರುತ್ತವೆ. ಕೇಳುವವರು ಇದ್ದಾರೆ ಎಂದು ಅನ್ನಿಸುವುದಿಲ್ಲ.