ಇಂಗ್ಲಿಷ್ ಮೇಷ್ಟ್ರ ಕೈ ಮಗುಚದ ಸಂಜೆ

"ಮಾತಿನ ಷೋಕಿಗೆ ಕೆಲಸ ಕಳೆದುಕೊಂಡ ಮನುಷ್ಯ." ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರ ಬಗ್ಗೆ ಲಕ್ಷ್ಮೀಪುರಂನಲ್ಲಿ ಇವತ್ತಿಗೂ ಹೇಳುವುದು ಇಷ್ಟೇ. ಶಾಲೆಯ ಆಡಳಿತ ಕಮಿಟಿಯ ಮುಂದೆ ಇಂಗ್ಲಿಷ್ ಝಳಪಿಸಲು ಹೋಗಿ ತಮ್ಮ ನಾಲಿಗೆಗೆ ತಾವೇ ಸಿಕ್ಕಿಬಿದ್ದರಂತೆ. ಹಾಗೆ ಹೇಳುವವರಲ್ಲಿ ಒಬ್ಬರೂ ಅಂದು ಆ ಕೋಣೆಯಲ್ಲಿರಲಿಲ್ಲ. ನಾನಿದ್ದೆ.

ಮೊದಲು ಅವರ ಬಲಗೈಯ ವಿಷಯ ಹೇಳಬೇಕು. ಎಲುಬು ಎದ್ದು ಕಾಣುವ ಉದ್ದನೆಯ ಕೈ. ಗೆಣ್ಣುಗಳ ಗೆರೆಗಳಲ್ಲಿ ಸದಾ ಸೀಮೆಸುಣ್ಣ. 'ರೈನ್' ಎನ್ನುವಾಗ ಅಂಗೈ ಮೇಲಕ್ಕೆ, 'ಆರ್ ಶೈನ್' ಎನ್ನುವಾಗ ದೋಸೆ ಮಗುಚಿದಂತೆ ಕೆಳಕ್ಕೆ. 'ಸಿಂಕ್ ಆರ್ ಸ್ವಿಮ್', 'ನೌ ಆರ್ ನೆವರ್', ಯಾವ ಜೋಡಿ ಬಂದರೂ ಕೈ ಮಗುಚಲೇಬೇಕು. ನಾನು ಆ ಶಾಲೆಯಲ್ಲಿ ನೇಯ್ಗೆ ಕಲಿಸುತ್ತಿದ್ದೆ. ಲೋಯರ್ ಸೆಕೆಂಡರಿಗೇ ಓದು ಬಿಟ್ಟವನು. ಸಂಜೆ ಮಗ್ಗದ ಪಕ್ಕದಲ್ಲಿ ಕೂತು ನನಗೆ ಇಂಗ್ಲಿಷಿನ ದಾರಿ ತೋರಿಸಿದವರು ಅವರೇ.

"ಮಳೆ ಬಂದ್ರೂ ಬರ್ತೀನಿ, ಬಿಸಿಲಿದ್ರೂ ಬರ್ತೀನಿ ಅಂತ ಇಂಗ್ಲಿಷಿನವನು ಹೇಳಿದ್ರೆ ಹವಾಮಾನ ಹೇಳ್ತಿಲ್ಲ ಕಣ್ರೀ," ಎನ್ನುತ್ತಿದ್ದರು. "ಬಂದೇ ಬರ್ತೀನಿ ಅಂತ ಒತ್ತಿ ಹೇಳ್ತಿದಾನೆ. ನಿಮ್ಮ ಮಗ್ಗದಲ್ಲಿ ಎರಡು ಕೊನೇನೂ ಎಳೆದು ಕಟ್ಟಿದ್ರೆ ನೂಲು ಬಿಗಿಯಾಗುತ್ತಲ್ಲ, ಹಾಗೆ."

"ನಾವೂ ಹಗಲೂ ರಾತ್ರಿ ದುಡಿದೆ ಅಂತೀವಲ್ಲ ಸಾರ್?"

"ಅಂತೀರಿ. ಅದನ್ನೇ ಇಂಗ್ಲಿಷಲ್ಲಿ ಹೇಳಿ ನೋಡಿ, ನಮ್ಮ ಕಮಿಟಿಯೋರು ಎಷ್ಟು ಗಂಟೆ ಆಯ್ತು ಅಂತ ಗಡಿಯಾರ ನೋಡ್ತಾರೆ!"

ಆ ತಮಾಷೆ ಅವರಿಗೇ ತಿರುಗಿಕೊಳ್ಳುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯೇ ಒಂದು ಸೆಲೆಕ್ಷನ್ ಪರೀಕ್ಷೆ ನಡೆಸಿ, ಅದರಲ್ಲಿ ಬಿದ್ದವರನ್ನು ತಡೆಹಿಡಿದು, ತನ್ನ ಫಲಿತಾಂಶದ ಹೆಸರು ಕಾಪಾಡಿಕೊಳ್ಳುತ್ತಿತ್ತು. ಅಶೋಕಪುರಂನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಜ್ವರದಿಂದಾಗಿ ಗಣಿತದ ದಿನ ಬರಲಿಲ್ಲ. ಕಮಿಟಿ ಸದಸ್ಯರೊಬ್ಬರ ಸೋದರಳಿಯನಿಗೂ ಅದೇ ವಾರ ಜ್ವರ. ಅವನಿಗೆ ಮರುಪರೀಕ್ಷೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಮನೆಯಲ್ಲಿ ಆಗಲೇ ಮದುವೆಯ ಮಾತು ಎದ್ದಿತ್ತು. ಆ ವರ್ಷ ಪರೀಕ್ಷೆಗೆ ಕೂರದಿದ್ದರೆ ಅವಳ ಓದು ಅಲ್ಲಿಗೇ ಮುಗಿದಂತೆ.

ಕಮಿಟಿ ಸಭೆಗೆ ಶಿಕ್ಷಕರ ಪರವಾಗಿ ಹೋದವರು ಮೇಷ್ಟ್ರು ಮತ್ತು ನಾನು. ಹುಡುಗಿಯನ್ನೂ ಅವಳ ತಂದೆಯನ್ನೂ ಹೊರಗಿನ ಜಗಲಿಯಲ್ಲಿ, ತೆರೆದ ಕಿಟಕಿಯ ಪಕ್ಕ ನಿಲ್ಲಿಸಿದ್ದರು. ಮೇಷ್ಟ್ರು ಬಹಳ ಹೊತ್ತು ವಾದಿಸಿದರು. ಕೊನೆಗೆ, "ಐದರ್ ಶಿ ಸಿಟ್ಸ್, ಆರ್ ಐ ಗೋ" ಎಂದರು, ಒಂದೋ ಅವಳು ಕೂರಬೇಕು, ಇಲ್ಲವೇ ನಾನು ಹೋಗುತ್ತೇನೆ ಎಂದು. ಕೈ ಎಂದಿನಂತೆ ಮಗುಚಿತು. ಅವಳು ಕೂರಲೇಬೇಕು ಎಂಬ ಮಾತಿಗೆ ಕೊಟ್ಟ ಒತ್ತು ಅದು, ಬೇರೇನೂ ಅಲ್ಲ.

ಕಾನೂನು ಓದಿದ್ದ ಕಮಿಟಿಯ ಕಾರ್ಯದರ್ಶಿಗಳು ತಲೆ ಎತ್ತಿದರು. "ಹೋಗ್ತೀನಿ ಅಂದ್ರಾ ಮೇಷ್ಟ್ರೇ? ಎಲ್ರೂ ಕೇಳಿಸ್ಕೊಂಡ್ರಲ್ಲ?"

"ಸ್ವಾಮಿ, ಅದು ಬರೀ ಒತ್ತು. ಮಾತಿನ ರೀತಿ," ಎಂದೆ.

"ಹೌದಾ? ಹಾಗಂತ ಅವರೇ ಹೇಳ್ಲಿ, ಇಲ್ಲಿಗೇ ಬಿಟ್ಬುಡೋಣ. ಹುಡುಗಿ ವಿಷ್ಯಾನೂ ಬರೀ ಒತ್ತೇ ಅಂದ್ಕೋತೀವಿ. ಇಲ್ಲ ಮೇಷ್ಟ್ರೇ, ಅವಳು ಕೂರ್ಲೇಬೇಕು ಅಂತೀರಾ? ಕೂರ್ಲಿ. ಹೋಗೋ ಮಾತು ನಿಮ್ಮದು, ಅದನ್ನೂ ನಡೆಸ್ಕೊಡಿ."

ಎಲ್ಲರೂ ನುಂಗಿಹಾಕಿರುವ ಭಾಗ ಇದು. ಮೇಷ್ಟ್ರು ಸಿಕ್ಕಿಬಿದ್ದಿರಲಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ಕಾರ್ಯದರ್ಶಿಗಳೇ ಅವರ ಮುಂದೆ ಇಟ್ಟಿದ್ದರು. ಮನೆಯಲ್ಲಿ ಮೂವರು ಚಿಕ್ಕ ಮಕ್ಕಳು. ಒಂದು ಮಾತು ಹೇಳಿದ್ದರೆ ಸಂಬಳ ಉಳಿಯುತ್ತಿತ್ತು.

ಅವರು ಬಲಗೈಯನ್ನು ಮೇಜಿನ ಮೇಲೆ ಊರಿದರು. ಅದು ಮಗುಚಲಿಲ್ಲ. ಕನ್ನಡದಲ್ಲಿ ಹೇಳಿದರು: "ಅವಳು ಕೂತ್ಕೊಳ್ಳಲಿ. ನಾನು ಹೋಗ್ತೀನಿ."

"ಸರಿ. ಉಪ್ಪಿಟ್ಟು ಆರ್ಹೋಗ್ತಿದೆ, ತಗೊಳ್ಳಿ ಎಲ್ರೂ," ಎಂದರು ಕಾರ್ಯದರ್ಶಿಗಳು. ಕಮಿಟಿಯವರೆಲ್ಲ ತೆಗೆದುಕೊಂಡರು! ಒಬ್ಬ ಮನುಷ್ಯನ ಅನ್ನವನ್ನು ಕಿತ್ತುಕೊಂಡ ಬಾಯಿಗಳು ಅಷ್ಟು ಸಲೀಸಾಗಿ ಅಗಿಯಬಲ್ಲವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಆ ಚಮಚಗಳ ಸದ್ದು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ.

ಮುಂದೆ ಅವರು ಸರಸ್ವತಿಪುರಂನ ಬಾಡಿಗೆ ಕೋಣೆಯೊಂದರಲ್ಲಿ ಟ್ಯುಟೋರಿಯಲ್ ನಡೆಸಿದರು. ನನ್ನ ಪಾಠವೂ ಅಲ್ಲೇ ಮುಂದುವರಿಯಿತು. ಒಮ್ಮೆ ತಡೆಯಲಾರದೆ, "ಬರೀ ಮಾತಿನ ರೀತಿ ಅಂದಿದ್ರೆ ಮುಗೀತಿತ್ತಲ್ಲ ಸಾರ್?" ಎಂದು ಕೇಳಿಬಿಟ್ಟೆ.

"ಕಿಟಕಿ ತೆಗೆದಿತ್ತು ಕಣ್ರೀ," ಎಂದರು.

ಅರವತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ನಾನಿಂದು ಇಂಗ್ಲಿಷಿನಲ್ಲಿ ಓದುವ ಪ್ರತಿ ಸಾಲೂ ಅವರದೇ ಋಣ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಆ ಹುಡುಗಿ ಪಾಸಾಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾಗಿ, ಈಗಲೂ ಅಶೋಕಪುರಂನಲ್ಲೇ ಇದ್ದಾರೆ. ಕಿವಿ ಚುರುಕಾಗಿದೆ. ಅಂದು ಮೇಷ್ಟ್ರು ಏನೆಂದರು ಎಂದು ಅವರನ್ನೇ ಕೇಳಿ. ಇಂಗ್ಲಿಷಿನ ಮೊದಲ ಮಾತನ್ನು ಹೇಳುವಾಗ ಆಕೆಗೇ ತಿಳಿಯದಂತೆ ಆಕೆಯ ಬಲಗೈ ಮಗುಚುತ್ತದೆ. ಕನ್ನಡದ ಎರಡನೆಯ ಮಾತಿಗೆ ಆ ಕೈ ತೊಡೆಯ ಮೇಲೆ ಊರಿ ನಿಲ್ಲುತ್ತದೆ.