ಗಾಡಿಯ ಹೊಸ್ತಿಲು

ಗಾಡಿಗೂ ಹೊಸ್ತಿಲು ಇರುತ್ತದೆಂದು ನಮ್ಮ ಅತ್ತೆ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ಸರಿಯುವ ಬಾಗಿಲು, ಅದರ ಬುಡದಲ್ಲಿ ಒಂದು ಅಂಚು, ಆ ಅಂಚು ದಾಟಿಯೇ ಒಳಗೆ ಹೋಗಬೇಕು. ಅಂದಮೇಲೆ ಅದು ಹೊಸ್ತಿಲಲ್ಲದೆ ಇನ್ನೇನು ಎಂಬುದು ಅವರ ವಾದ. ವಾದದಲ್ಲಿ ಅತ್ತೆಯನ್ನು ಗೆದ್ದವರನ್ನು ನಾನು ಚೆನ್ನೈನ ಈ ತಾಂಬರಂನಲ್ಲಿ ಈವರೆಗೆ ಕಂಡಿಲ್ಲ.

ಆ ಮಿನಿವ್ಯಾನ್ ಕೊಂಡದ್ದೇ ಮಾವನಿಗಾಗಿ. ರೈಲ್ವೆ ಕಚೇರಿಯ ಕೆಲಸಕ್ಕೆಂದು ಜೀವಮಾನವಿಡೀ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತೇ ಓಡಾಡಿದ ಮನುಷ್ಯ, ನಿವೃತ್ತಿಯಾದ ಮೇಲೆ ಲಕ್ವ ಹೊಡೆದು ಗಾಲಿಕುರ್ಚಿಯಲ್ಲಿ ಕೂರುವಂತಾಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಪೋರೂರಿನ ಆಸ್ಪತ್ರೆಯಲ್ಲಿ ಅವರಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳು ಮೊದಲೇ ಎಚ್ಚರಿಸಿದ್ದಳು. ಮೊದಲ ಕೆಲವು ತಿಂಗಳು ತಪ್ಪದೆ ಬಂದರೆ ಆ ಕಾಲು ಮತ್ತೆ ನೆಲ ಊರಬಹುದು, ಈಗ ಬಿಟ್ಟರೆ ಆಮೇಲೆ ಎಷ್ಟು ಒದ್ದಾಡಿದರೂ ಕಷ್ಟ ಎಂದಿದ್ದಳು. ನಮ್ಮ ಹಳೆಯ ಕಾರಿನ ಬಾಗಿಲಲ್ಲಿ ಮಾವನನ್ನು ಒಳಗೆ ತೂರಿಸುವುದೆಂದರೆ ಬೀರುವನ್ನು ಮಾಳಿಗೆ ಹತ್ತಿಸಿದ ಹಾಗೆ. ಅದನ್ನು ಮಾರಿ, ಬ್ಯಾಂಕಿನ ಸಾಲ ಮಾಡಿ, ಹಲಗೆ ಇಟ್ಟು ಕುರ್ಚಿಯನ್ನೇ ಒಳಗೆ ತಳ್ಳಬಹುದಾದ ಈ ವ್ಯಾನ್ ತಂದೆವು.

ಮೊದಲ ದಿನ ಕುರ್ಚಿ ಸಲೀಸಾಗಿ ಒಳಗೆ ಹೋದಾಗ ಮಾವ ಕಿಟಕಿಯ ಗಾಜನ್ನು ಎಡಗೈಯಿಂದ ಸವರಿದರು. ಅದನ್ನು ಕಂಡ ಅತ್ತೆ ಆ ಗಾಡಿಗೆ ಸೋತುಹೋದರು. ಅವರು ಉಡುಪಿಯ ಕಡೆಯವರು. ದಿನಾ ಬೆಳಿಗ್ಗೆ ಮನೆಯ ಹೊಸ್ತಿಲು ತೊಳೆದು, ಶೇಡಿ ಎಂಬ ಬಿಳಿಮಣ್ಣಿನಲ್ಲಿ ಗೆರೆ ಎಳೆದು, ಹೂವಿಟ್ಟ ಮೇಲೆಯೇ ಕಾಫಿ. ಮರು ಶುಕ್ರವಾರದಿಂದ ಆ ಮರ್ಯಾದೆ ಗಾಡಿಗೂ ಶುರುವಾಯಿತು. ಬಾಗಿಲಿನ ಅಂಚಿಗೆ ಅರಿಸಿನದ ನೀರು, ಕುಂಕುಮ, ಒಂದು ಎಸಳು ಸೇವಂತಿಗೆ. ಕುರ್ಚಿ ಒಳಗೆ ತಳ್ಳುವಾಗ ಪ್ರತಿ ಸಲವೂ, "ಬಲಗಾಲು ಮೊದಲು" ಎನ್ನುವರು. ಕುರ್ಚಿಗೆ ಎಲ್ಲಿಯ ಬಲಗಾಲು ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಳ್ಳುತ್ತಿದ್ದೆ. ಮೈಸೂರು ಕಡೆಯ ನನಗೆ ಈ ಹೊಸ್ತಿಲ ಸಂಭ್ರಮ ಸ್ವಲ್ಪ ಅತಿ ಅನ್ನಿಸುತ್ತಿತ್ತು.

ಶ್ರಾವಣದ ಹೊತ್ತಿಗೆ ತುಳುನಾಡಿನವರ ಸೋಣೆ ತಿಂಗಳು ಬಂತು. ಅತ್ತೆಯ ಊರಿನಲ್ಲಿ ಆ ತಿಂಗಳಿಡೀ ಹೊಸ್ತಿಲಿಗೆ ವಿಶೇಷ ಪೂಜೆ. ಹಾಗಾಗಿ ಗಾಡಿಗೂ ದಿನಾ ಪೂಜೆ. ಅದೇ ಹೊತ್ತಿಗೆ ಸಂಜೆ ಮಳೆಯೂ ಹಿಡಿಯಿತು. ಬಾಗಿಲ ಹತ್ತಿರದ ಮ್ಯಾಟು ಒದ್ದೆಯಾಗುತ್ತಿದೆ ಎಂದು ನಾನು ಸರ್ವೀಸ್ ಸೆಂಟರಿನಲ್ಲಿ ದೂರಿದೆ. ಅವರು ಒರೆಸಿ, ಮಳೆಗಾಲದಲ್ಲಿ ಇದೆಲ್ಲ ಸಾಮಾನ್ಯ ಮೇಡಂ ಎಂದು ಸಾಗಹಾಕಿದರು. ಕೆಲವೇ ದಿನಗಳಲ್ಲಿ, ಮಾವನನ್ನು ಆಸ್ಪತ್ರೆಗೆ ಹೊರಡಿಸಿ ಕುರ್ಚಿ ಹತ್ತಿಸಿದ ಮೇಲೆ, ಗಾಡಿ ಸ್ಟಾರ್ಟೇ ಆಗಲಿಲ್ಲ. ಅದನ್ನು ಕಟ್ಟಿ ಎಳೆದುಕೊಂಡು ಹೋಗುವಾಗ ಅತ್ತೆ ಗೇಟಿನ ಬಳಿ ನಿಂತು ನೋಡಿದ ರೀತಿಯಲ್ಲಿ, ಆಂಬುಲೆನ್ಸ್ ಹೋದ ದಾರಿಯನ್ನೇ ನೋಡುವವರ ಕಳವಳವಿತ್ತು.

ಮರುದಿನ ಸರ್ವೀಸ್ ಸೆಂಟರಿನ ಮ್ಯಾನೇಜರ್ ನನ್ನ ಗಂಡನಿಗೆ ಫೋನ್ ಮಾಡಿದರು. ಬಾಗಿಲಿನ ಅಂಚಿನ ಕೆಳಗೆ ಹಾದುಹೋಗುವ ವೈರುಗಳಿಗೆ ನೀರು ಇಳಿದು ಎಲ್ಲ ಸುಟ್ಟಿದೆ. ವೈರುಗಳ ಮೇಲೆ ಹಳದಿ ಕಲೆ ಇದೆ. ಹೊರಗಿನ ದ್ರವ ಸುರಿದದ್ದಕ್ಕೆ ವಾರಂಟಿ ಬರುವುದಿಲ್ಲ. ಅವರು ಹೇಳಿದ ಖರ್ಚು ಕೇಳಿ ಗಂಡ ಬ್ಯಾಂಕಿನ ಪಾಸ್‌ಬುಕ್ ತೆಗೆದು ನೋಡಿದರು. ಗಾಡಿಯ ಸಾಲವೇ ಇನ್ನೂ ಕುತ್ತಿಗೆಗೆ ಬಿದ್ದಿತ್ತು.

ಗಾಡಿ ವರ್ಕ್‌ಶಾಪಿನಲ್ಲಿ, ಮಾವ ಮನೆಯಲ್ಲಿ. ಒಮ್ಮೆ ಟ್ಯಾಕ್ಸಿ ಕರೆಸಿದೆವು. ಡ್ರೈವರೂ ನನ್ನ ಗಂಡನೂ ಅವರನ್ನು ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಪಂಚೆ ಜಾರಿತು, ಬೀದಿಯವರು ನೋಡಿದರು. ಮಾವನ ಕಣ್ಣಲ್ಲಿ ನೀರು. ಅದರ ನಂತರ ಹೊರಡೋಣ ಎಂದರೆ ಅವರು ಗೋಡೆ ಕಡೆ ಮುಖ ತಿರುಗಿಸುವರು. ಆಸ್ಪತ್ರೆಯಿಂದ ಆ ಹೆಣ್ಣುಮಗಳು ಫೋನ್ ಮಾಡಿ, ಹೀಗೆ ಬಿಡಬೇಡಿ ಎಂದು ಬೇಡಿಕೊಂಡಳು. 

ಮ್ಯಾನೇಜರನ್ನು ಎದುರಿಗೇ ಕಂಡು ಮಾತಾಡೋಣ ಎಂದು ನಾನು ಹಟ ಹಿಡಿದೆ. ನನ್ನ ಗಾಡಿಯನ್ನು ಎಲ್ಲಿ ಮಲಗಿಸಿದ್ದಾರೆ ನೋಡಬೇಕು ಎಂದು ಅತ್ತೆಯೂ ಹೊರಟರು. ದಾರಿಯಲ್ಲಿ ಗಂಡ ಅಮ್ಮನಿಗೆ ಪಾಠ ಹೇಳಿಕೊಟ್ಟರು. ಅರಿಸಿನದ ವಿಷಯ ಬಂದರೆ ನಮಗೇನೂ ಗೊತ್ತಿಲ್ಲ, ಗಾಡಿ ಕೊಡುವಾಗ ಶೋರೂಮಿನವರೇ ಪೂಜೆ ಮಾಡಿದ್ದರು ಎಂದರೆ ಸಾಕು. ಅತ್ತೆ ಹೂಂ ಎಂದರು. ಅವರ ಹೂಂ ಎಂದರೆ ಒಪ್ಪಿದೆ ಎಂದಲ್ಲ, ಕೇಳಿಸಿತು ಎಂದಷ್ಟೇ.

ಮ್ಯಾನೇಜರ್ ಹಣೆಗೆ ವಿಭೂತಿ ಹಚ್ಚಿದ್ದ, ಶಾಂತ ಸ್ವಭಾವದ ಮನುಷ್ಯ. ಮೊಬೈಲಿನಲ್ಲಿ ಹಳದಿ ಕಲೆಯ ಚಿತ್ರ ತೋರಿಸಿ, ಇದು ಏನೆಂದು ತಮಿಳಿನಲ್ಲಿ ಕೇಳಿದರು. ಗಂಡ ಶೋರೂಮಿನ ಪೂಜೆಯ ಕಥೆ ಶುರುಮಾಡುತ್ತಿದ್ದಂತೆ ಅತ್ತೆ ತಡೆದರು.

"ಸುಳ್ಳು ಯಾಕೆ ಹೇಳ್ಬೇಕು ಮಗಾ? ನಾನೇ ಹಾಕಿದ್ದು. ನಿನ್ನ ಅಪ್ಪ ದಾಟುವ ಹೊಸ್ತಿಲಿಗೆ ನೀರು ಹಾಕದೆ ಇರ್ಲಿಕ್ಕೆ ಆಗ್ತದಾ?"

ಆಮೇಲೆ ಅದನ್ನೇ ತಮ್ಮ ತಮಿಳಿನಲ್ಲಿ ಮ್ಯಾನೇಜರಿಗೂ ಹೇಳಿದರು. ಗಂಡ ನೆಲ ನೋಡಿದರು. ಗೆಲ್ಲಬೇಕಾದ ಜಗಳವನ್ನು ನಮ್ಮವರೇ ಕೈಯಾರೆ ಕೊಟ್ಟುಬಿಟ್ಟರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ನೀರು ಹಾಕುತ್ತಿದ್ದಿರಿ ಎಂದು ಮ್ಯಾನೇಜರ್ ಕೇಳಿದರು. ಅತ್ತೆ ಬಲ ಅಂಗೈಯನ್ನು ಕುಳಿ ಮಾಡಿ ತೋರಿಸಿದರು. ಇಷ್ಟೇ, ಒಂದು ಕೈ.

ಆ ಅಂಗೈ ನೋಡಿದ್ದೇ ನನ್ನ ಸಿಟ್ಟು ದಾರಿ ಬದಲಿಸಿತು. ಚೆನ್ನೈನ ಮಳೆಗೆ ಬೀದಿಯಲ್ಲಿ ನಿಲ್ಲಬೇಕಾದ ಗಾಡಿ ಒಬ್ಬ ಮುದುಕಿಯ ಒಂದು ಕೈ ನೀರಿಗೆ ಸಾಯುತ್ತದೆಯೇ ಎಂದು ಕೇಳಿದೆ. ಹಾಗಿದ್ದರೆ ಮಳೆ ನೀರು ಆ ಅಂಚಿಗೆ ಬಿದ್ದಾಗ ಎಲ್ಲಿಗೆ ಹೋಗುತ್ತದೆ, ಮ್ಯಾಟು ಒದ್ದೆ ಎಂದು ನಾನು ಬಂದು ಹೇಳಿದಾಗ ಯಾರು ನೋಡಿದರು ಎಂದೂ ಕೇಳಿದೆ. ದನಿ ಸ್ವಲ್ಪ ಏರಿತ್ತು. ಕಾಫಿ ತಂದವನು ಬಾಗಿಲಲ್ಲೇ ನಿಂತ.

ಮ್ಯಾನೇಜರ್ ಎದ್ದು ನಮ್ಮನ್ನು ವರ್ಕ್‌ಶಾಪಿಗೆ ಕರೆದೊಯ್ದರು. ಅಲ್ಲಿ ಇದೇ ಮಾದರಿಯ ಹೊಸ ವ್ಯಾನ್ ಒಂದು ನಿಂತಿತ್ತು. ಅದರ ಬಾಗಿಲ ಅಂಚಿಗೆ ಒಂದು ಮಗ್ ನೀರು ಸುರಿದರು. ನೀರು ಅಡಿಯಲ್ಲಿದ್ದ ಸಣ್ಣ ತೂತಿನಿಂದ ನೆಲಕ್ಕೆ ಸೋರಿತು. ನಮ್ಮ ಗಾಡಿಗೆ ಸುರಿದರು. ಒಂದು ಹನಿಯೂ ಕೆಳಗೆ ಬರಲಿಲ್ಲ. ಅವರು ಒಗೆದ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿ, ಟಾರ್ಚು ಹಿಡಿದು ಅಡಿಗೆ ಇಣುಕಿದರು. ನೀರು ಹೋಗಬೇಕಾದ ತೂತು ಕಾರ್ಖಾನೆಯ ಮೇಣದಂಥ ಅಂಟಿನಲ್ಲೇ ಪೂರ್ತಿ ಮುಚ್ಚಿಹೋಗಿತ್ತು. ಮಳೆಯ ನೀರೂ ಅತ್ತೆಯ ನೀರೂ ಒಟ್ಟಿಗೆ ಒಳಗೇ ನಿಂತಿದ್ದವು.

ಕಂಪನಿಗೆ ತಾವೇ ಬರೆದು ವಾರಂಟಿಯಲ್ಲೇ ಎಲ್ಲ ಸರಿಮಾಡಿಸುವುದಾಗಿ ಮ್ಯಾನೇಜರ್ ಹೇಳಿದರು, ಹಾಗೇ ಮಾಡಿಸಿದರು. ಇಲ್ಲಿಗೆ ಬರುವವರೆಲ್ಲ ತಾವೇನೂ ಮಾಡಿಲ್ಲ ಎನ್ನುತ್ತಾರೆ, ಮಾಡಿದೆ ಎಂದವರು ಈ ಅಮ್ಮ ಒಬ್ಬರೇ, ಅದಕ್ಕೇ ನಿಮ್ಮ ಮ್ಯಾಟಿನ ಮಾತನ್ನೂ ನಂಬಿದೆ ಎಂದರು. ಕೊನೆಗೆ ಕೈಮುಗಿದು, ಇನ್ನು ಮೇಲೆ ದಯವಿಟ್ಟು ನೀರು ಬೇಡ ಎಂದು ಅತ್ತೆಯನ್ನು ಕೇಳಿಕೊಂಡರು. ಅತ್ತೆ ಹೂಂ ಎಂದರು. ಇವತ್ತಿಗೂ ಆ ಮನುಷ್ಯನನ್ನು ನೆನೆದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಗಾಡಿ ಬಂದ ಮರುದಿನವೇ ಮಾವ ಮುಖ ತಿರುಗಿಸದೆ ಹೊರಟರು. ಮಳೆಗಾಲ ಮುಗಿದು ಚಳಿಯ ಹೆಸರಿನಲ್ಲಿ ಒಂದಿಷ್ಟು ಗಾಳಿ ಬೀಸುವ ದಿನಗಳು ಬಂದವು. ಅವರು ಮೊದಲು ಹಿಡಿಕೆ ಹಿಡಿದು ಎದ್ದು ನಿಲ್ಲುವಷ್ಟಾದರು, ಆಮೇಲೆ ಕೋಲೂರಿ ಒಂದೊಂದು ಹೆಜ್ಜೆ. ಅತ್ತೆ ಈಗ ಅರಿಸಿನವನ್ನು ಬರೀ ಬೆರಳಿಗೆ ಹಚ್ಚಿಕೊಂಡು ಅಂಚಿನ ಮೇಲೆ ತೀಡುತ್ತಿದ್ದರು.

ಒಂದು ಶುಕ್ರವಾರ ಗಂಡ ಎಂದಿನಂತೆ ಹಲಗೆ ತಂದರು. ಮಾವ ಎಡಗೈ ಅಲ್ಲಾಡಿಸಿ ಬೇಡವೆಂದರು. ಕುರ್ಚಿಯಿಂದ ಎದ್ದು, ಬಾಗಿಲ ಹಿಡಿಕೆ ಹಿಡಿದು ನಿಂತರು. ಅತ್ತೆ ಆ ದಿನ ಬಲಗಾಲಿನ ಮಾತೆತ್ತಲಿಲ್ಲ. ಮಾವನೇ ಅವರತ್ತ ತಿರುಗಿ, ಬಹಳ ಹೊತ್ತು ತುಟಿ ಕೂಡಿಸಿ, "ಬಲ" ಎಂದರು. ಆಮೇಲೆ ಆ ಕಾಲನ್ನು ನಿಧಾನವಾಗಿ ಎತ್ತಿ ಹೊಸ್ತಿಲ ಮೇಲಿಟ್ಟು, ಒಳಗೆ ದಾಟಿಸಿದರು.

ಮ್ಯಾಟಿನ ಮೇಲೆ ಅವರ ಬಲಗಾಲ ಹೆಬ್ಬೆರಳಿನ ಹಳದಿ ಗುರುತು ಬಿತ್ತು. ಮುಂದಿನ ಸರ್ವೀಸಿಗೆ ಗಾಡಿ ಬಿಡುವಾಗ, ಒಳಗೆಲ್ಲ ತೊಳೆದು ಕೊಡುತ್ತೇವೆ ಮೇಡಂ ಎಂದು ಅಲ್ಲಿನವರು ಹೇಳಿದರು. ಎಲ್ಲ ತೊಳೆಯಿರಿ, ಆ ಮ್ಯಾಟೊಂದನ್ನು ಬಿಡಿ ಎಂದು ನಾನು ಹೇಳಿದೆ.